ನಮ್ಮೂರ ಹಳೇ ಚರ್ಚ್ ಯಾವ ಕಾಲದ್ದು ಅಂತ ಹ್ಯಾಂಗ ಪತ್ತೆ ಹಚ್ಚೋದು? ಕೆಡವಬೇಕು ಅಂತ ಕುಂತಾರ

ವಾಡಿ_ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ದು ಶಹಾಬಾದ್-ವಾಡಿ ಲೈನ್ ಮ್ಯಾಲ ಒಂದು ಸಣ್ಣ ಊರು. ಹೆಸರು ಹಾಕಂಗಿಲ್ರಿ, ಹಾಕಿದ್ರ ಕಮಿಟಿಯವರು ನಾಳಿ ಮುಂಜಾನಿ ಚಾ ಕುಡಿಯೋದ್ರಾಗ ಮನಿ ಮುಂದ ನಿಂತಿರ್ತಾರ. ಸ್ಟೇಷನ್ ಹಿಂದ ಹಳೇ ಕ್ಯಾಥೊಲಿಕ್ ಚರ್ಚ್ ಅದ. ದೊಡ್ಡದೇನಲ್ಲ, ನೂರಾ ಇಪ್ಪತ್ತು ಮಂದಿ ಕುಂತ್ರ ತುಂಬೇ ಹೋಯ್ತು. ಗ್ವಾಡಿ ಎಲ್ಲಾ ಕಲ್ಲಿಂದು, ಎರಡು ಮೊಳ ದಪ್ಪ, ಛತ್ತಿಗೆ ಕಬ್ಬಿಣದ ಕಂಬಿ ಹಾಕಿ ಮ್ಯಾಲ ಫರ್ಸಿ ಹಾಸ್ಯಾರ. ಮೇ ತಿಂಗಳದಾಗ ಹೊರಗ ಕೆಂಡ ಸುರದಂಗ ಬಿಸಲಿದ್ರೂ ಒಳಗ ಫ್ಯಾನ್ ಬೇಕಂತ ಅನಸಂಗಿಲ್ಲ.

ಈಗ ವಿಷಯ ಏನಂದ್ರ, ಅದನ್ನ ಕೆಡವಿ ಆರ್‌ಸಿಸಿ ಕಟ್ಟಬೇಕು, ಕೆಳಗ ಹಾಲ್, ಮ್ಯಾಲ ಚರ್ಚ್, ಮುಂದ ಪಾರ್ಕಿಂಗ್, ಹಿಂಗ ಪ್ಲಾನ್ ನಡದದ. ನಾ ಒಬ್ಬಾಂವ ಬ್ಯಾಡ ಅಂದೆ. "ಯಾಕ ಬ್ಯಾಡ, ಎಷ್ಟು ಹಳೇದು ಅದ ಹೇಳು" ಅಂದ್ರು. ಬಾಯಿ ಮುಚ್ಚಿದೆ, ಯಾಕಂದ್ರ ನಂಗ ಗೊತ್ತಿಲ್ಲ. ಒಬ್ರು ನೂರು ವರ್ಷ ಅಂತಾರ, ಒಬ್ರು ನಿಜಾಮ ಕಟ್ಟಿಸಿಕೊಟ್ಟಾನ ಅಂತಾರ, ಇನ್ನೊಬ್ಬ ಹಿರಿಯರು 400 ವರ್ಷ ಅಂತ ಆಣಿ ಮಾಡಿ ಹೇಳ್ತಾರ. ಕಲ್ಲಿನ ಮ್ಯಾಲ ಬರದದ್ದು ಎಲ್ಲೂ ಇಲ್ಲ. ಬಾಗಲ ಬಾಜೂ ಒಂದು ಗ್ರಾನೈಟ್ ಫಲಕ ಅದ, ಅದರಾಗ ಫ್ಯಾನ್ ಕೊಟ್ಟವರ ಹೆಸರು ಅದ, ಮೈಕ್ ಕೊಟ್ಟವರ ಹೆಸರು ಅದ, ಚರ್ಚ್ ಕಟ್ಟಿದವರ ಹೆಸರಿಲ್ಲ.

ಫಾದರ್ ಹೊಸಬರು, ಮಂಗಳೂರು ಕಡಿಯವರು, ಭಾಳ ಛಲೋ ಮನುಷ್ಯ. "ಕಾಗದದ ಮೇಲೆ ಏನಾದ್ರೂ ತಂದುಕೊಡಿ, ನಾನು ಬಿಷಪ್ ಹತ್ರ ಮಾತಾಡ್ತೀನಿ" ಅಂದಾರ.

ಇನ್ನೊಂದು ನನ್ನ ಸ್ವಂತದ್ದು. ನಮ್ಮ ಮುತ್ಯಾ ರಾಯಪ್ಪ, ಗುಂತಕಲ್ ಕಡಿಂದ ಬಂದ ಮನೆತನ, ರೈಲ್ವೆದಾಗ ಗ್ಯಾಂಗ್‌ಮನ್ ಇದ್ದ. ಅವನ ಜ್ಞಾನಸ್ನಾನ ಇದೇ ಚರ್ಚಿನಾಗ ಆಗ್ಯದ ಅಂತ ಆಯಿ ಹೇಳ್ತಾಳ. ಹಳೇ ಬುಕ್ ತಗಿಸಿ ನೋಡಿದೆ, ಒಬ್ಬ ರಾಯಪ್ಪನೂ ಇಲ್ರಿ ಅದರಾಗ. ಆಯಿ ಸುಳ್ಳು ಹೇಳಾಕಿ ಅಲ್ಲ. ಯಾರಿಗಾದ್ರೂ ಇಂಥಾದ್ದು ಗೊತ್ತಿದ್ರ ದಾರಿ ತೋರಿಸ್ರಿ.

ಬೀದರ್_ಕೋಟಿ_ಹುಡುಗ

ಅಣ್ಣಾ, ಮೊದಲು ಒಂದು ಮಾತು. ಅದು ಖರೇನೇ ಕ್ಯಾಥೊಲಿಕ್ ಹೌದಲ್ಲ? ನಮ್ಮ ಬೀದರ್‌ನಾಗ ಚರ್ಚ್ ಅಂದ್ರ ಮಂಗಲಪೇಟ್, ಮಂಗಲಪೇಟ್ ಅಂದ್ರ ಮೆಥಡಿಸ್ಟ್, ಅಮೇರಿಕಾ ಮಿಷನ್‌ದವರು ಮಾಡಿದ್ದು. ಕಲಬುರಗಿ ಕಡಿನೂ ಹಳೇ ಮಿಷನ್ ಸಾಲಿ, ದವಾಖಾನಿ ಅಂತ ಮಂದಿ ಹೇಳೋದು ಭಾಳಷ್ಟು ಅವರದೇ. ಹೊರಗಿನವರಿಗೆ ಎಲ್ಲಾ ಒಂದೇ ಕಾಣ್ತದ, ಆದ್ರ ದಾಖಲೆ ಹುಡಕ್ಲಿಕ್ಕೆ ಹೋದ್ರ ಇಬ್ಬರದೂ ಬ್ಯಾರೆ ಬ್ಯಾರೆ ಆಫೀಸು, ಬ್ಯಾರೆ ಬ್ಯಾರೆ ದೇಶದ ಮಿಷನ್. ನನ್ನ ದೋಸ್ತ್ ಒಬ್ಬ ಪ್ರಾಜೆಕ್ಟ್‌ಗೆ ಅಂತ ಆರು ತಿಂಗಳು ತಪ್ಪು ಆಫೀಸಿಗೆ ಪತ್ರ ಬರದ.

ವಾಡಿ_ಪ್ಯಾಸೆಂಜರ್

ಕ್ಯಾಥೊಲಿಕ್ಕೇ ತಮ್ಮಾ. ಮಾತೆ ಮರಿಯಮ್ಮನ ಸ್ವರೂಪ ಅದ, ಪರಮಪ್ರಸಾದದ ಪೆಟ್ಟಿಗಿ ಬಾಜೂ ಕೆಂಪು ದೀಪ ಅದ, ಪಾಪನಿವೇದನೆಯ ಕಟಗಿ ಡಬ್ಬಿ ಸುದ್ದಾ ಅದ (ಈಗ ಅದರಾಗ ಕಸಬರಗಿ ಇಡ್ತಾರ, ಅದು ಬ್ಯಾರೆ ಮಾತು).

ಸಗರನಾಡಿನಂವ

400 ವರ್ಷದ ಮಾತು ಎಲ್ಲಿಂದ ಬಂತು ಅಂತ ನಂಗ ಗೊತ್ತದ. ಅದು ನಿಮ್ಮೂರಿಂದಲ್ಲ, ಮುದಗಲ್ಲಿಂದು. ನಮ್ಮ ಸುರಪುರದಿಂದ ತಿಂಥಣಿ ಬ್ರಿಜ್ ದಾಟಿ ಲಿಂಗಸುಗೂರು ಮುಟ್ಟಿ ಅಲ್ಲಿಂದ ಸ್ವಲ್ಪ ಮುಂದ ಹೋದ್ರ ಮುದಗಲ್, ಮೊಹರಂಗೆ ಹೆಸರಾದ ಊರು, ಅಲ್ಲೇ ಆದಿಲ್ ಶಾಹಿ ಕಾಲದಿಂದ ಕ್ಯಾಥೊಲಿಕ್ ಮಂದಿ ಇದ್ದಾರ. ಕನ್ನಡ ಮಾತಾಡೋ ಮಂದಿ, ಗೋವಾದಿಂದ ಬಂದು ನೆಲಸಿದವರಲ್ಲ. ನಮ್ಮ ಭಾಗದಾಗ ಎಲ್ಲೇ ಒಂದು ಹಳೇ ಚರ್ಚ್ ಕಂಡ್ರೂ ಮಂದಿ ಮುದಗಲ್ಲಿನ ವಯಸ್ಸನ್ನ ತಂದು ಅದಕ್ಕ ಅಂಟಸ್ತಾರ.

ಮುದಗಲ್ಲಿಗೂ ಎಲ್ಲರೂ "1557ಕ್ಕಿಂತ ಮೊದಲು ಜೆಸ್ವಿಟ್ ಪಾದ್ರಿಗಳು ಕಟ್ಟಿದ್ದು" ಅಂತ ಬರೀತಾರಲ್ಲ, ನನ್ನ ಕೇಳಿದ್ರ ಆ ಇಸವಿನ ಅಷ್ಟು ಬಿಗಿಯಾಗಿ ಹಿಡ್ಕೋಬಾರದು. ಜೆಸ್ವಿಟರಾಗ ಮೊದಲು ಬಂದ ಫ್ರಾನ್ಸಿಸ್ ಝೇವಿಯರ್ ಗೋವಾಕ್ಕ ಬಂದದ್ದೇ 1542. 1557 ಅಂದ್ರ ಬಿಜಾಪುರದಾಗ ಇನ್ನೂ ಒಂದನೇ ಇಬ್ರಾಹಿಂ ಆದಿಲ್ ಶಾಹನ ಕೊನೀ ದಿನ. ಗೋವಾಕ್ಕ ಹೇಳಿ ಕಳಿಸಿ ಪಾದ್ರಿಗಳನ್ನ ದರಬಾರಕ್ಕ ಕರಸ್ಕೊಂಡಾಂವ ಅವನ ಮಗ ಒಂದನೇ ಅಲಿ, ಅದು 1561ರ ಮಾತು. ಅಪ್ಪನ ಕಾಲದಾಗೇ ಅಷ್ಟು ಒಳನಾಡಿನಾಗ, ಅದೂ ಎಲ್ಲರೂ ಹೊಡದಾಡೋ ರಾಯಚೂರು ದೋಆಬ್‌ದಾಗ (ಕೃಷ್ಣಾ ತುಂಗಭದ್ರಾ ನಡುವಿನ ಸೀಮಿ), ಚರ್ಚ್ ಎದ್ದಿತ್ತು ಅಂದ್ರ ನಂಗ ಸ್ವಲ್ಪ ಗಂಟಲಾಗ ಸಿಕ್ಕೊಂಡಂಗ ಆಗ್ತದ. 16ನೇ ಶತಮಾನ ಅಂದ್ರ ಸಾಕು, ಅದೇನು ಕಮ್ಮಿ ವಯಸ್ಸೇನು?

ಒಂದು ಮಜಾ ಹೇಳ್ತೀನಿ. ಪೋರ್ಚುಗೀಸರಿಗೆ ಆದಿಲ್ ಖಾನ್ ಅಂತ ನಾಲಿಗಿ ಹೊರಳ್ತಿರಲಿಲ್ಲ, "ಇದಲ್ಕಾನ್" ಅಂತಿದ್ರು. 1637ರ ಸುಮಾರಿಗೆ ರೋಮಿನವರು ಗೋವಾದ ದಿವಾಡಿ ನಡುಗಡ್ಡೆಯ ಮತೇವುಸ್ ದೆ ಕಾಸ್ತ್ರೊ ಅನ್ನೋ ಇಲ್ಲಿಯವರನ್ನೇ ಬಿಷಪ್ ಮಾಡಿ ಈ ಸೀಮಿಗೆ ನೇಮಿಸಿದ್ರು, ಆ ಹುದ್ದೆ ಹೆಸರು ಏನು ಗೊತ್ತದ? ಇದಲ್ಕಾನ್‌ದ ವಿಕಾರ್ (ಪೋಪ್‌ರ ಪರವಾಗಿ ಆ ಸೀಮಿ ನೋಡ್ಕೊಳ್ಳಾಂವ). ಅಂದ್ರ ರೋಮಿನ ಚರ್ಚಿನ ಕಾಗದದಾಗ ನಮ್ಮ ಬಿಜಾಪುರ ಸುಲ್ತಾನನ ಹೆಸರು! ಗೋವಾದ ಪೋರ್ಚುಗೀಸ್ ಪಾದ್ರಿಗಳಿಗೆ ಅದು ಹಿಡಸಲಿಲ್ಲ, ಅವರ ರಾಜನ ಹಕ್ಕು ಒಂದು ಕಡಿ, ರೋಮಿನ ಹುಕುಂ ಒಂದು ಕಡಿ, ಈ ಜಗಳ ಮುಂದ ತಲಿಮ್ಯಾಲ ತಲಿ ನಡೀತು. ನಮ್ಮ ಕಡಿ ಹಳೇ ಚರ್ಚ್ ಕಾಗದ ಎಲ್ಲೆಲ್ಲೋ ಚದುರಿದ್ದಕ್ಕ ಈ ಎಳೆದಾಟನೂ ಒಂದು ಕಾರಣ. ಮುದಗಲ್ ಕ್ರೈಸ್ತರ ಬಗ್ಗೆ ನಮ್ಮ ಸುರಪುರದಾಗ ಇದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಸುದ್ದಾ ಬರದಾನ, ಅವನ ಬಂಗ್ಲೆ ಟೇಲರ್ ಮಂಜಿಲ್ ಇವತ್ತಿಗೂ ನಮ್ಮ ಗುಡ್ಡದ ಮ್ಯಾಲ ಅದ, ಬಂದ್ರ ತೋರಸ್ತೀನಿ.

ಈಗ ನಿಮ್ಮೂರಿಗೆ ಬರ್ರಿ. ಸೊಲ್ಲಾಪುರದಿಂದ ರಾಯಚೂರಿಗೆ ರೈಲು ಬಂದದ್ದು 1871. ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮನ ಲೈನ್ 1874. ನಿಮ್ಮ ಚರ್ಚ್ ಸ್ಟೇಷನ್ ಹಿಂದ ಅದ, ಮುತ್ಯಾ ಗ್ಯಾಂಗ್‌ಮನ್. ಊರು ಹುಟ್ಟಿದ್ದೇ ರೈಲಿನ ಹೊಟ್ಟಿಲೆ, ಚರ್ಚ್ ಅದಕ್ಕಿಂತ ಮೊದಲು ಹ್ಯಾಂಗ ಬರ್ತದ? ಹಂಗಾಗಿ 1871ರ ಆಚೆಗೆ ಹೋಗಬ್ಯಾಡ್ರಿ, ಈಚೆಗೆ ಹುಡಕ್ರಿ.

ಎಲ್ಲಿ ಹುಡಕೋದು? ಕಲಬುರಗಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್‌ರ ಆಡಳಿತದ ಸೀಮಿ) ಆಗಿದ್ದು 24 ಜೂನ್ 2005, ಅಂದ್ರ ಮೊನ್ನಿ ಮೊನ್ನಿ. ನಿಮಗ ಬೇಕಾದ ಕಾಲದಾಗ ನಾವು ನಿಜಾಮನ ರಾಜ್ಯದಾಗ ಇದ್ವಿ, ಮೈಸೂರು ರಾಜ್ಯಕ್ಕ ಕೂಡಿದ್ದು 1956ರಾಗ. ಹೈದರಾಬಾದ್‌ದಾಗ ಚರ್ಚಿನ ಆಡಳಿತ 1851ರಿಂದಾನೇ ಬ್ಯಾರೆ ಆಗಿತ್ತು, 1886ಕ್ಕ ಧರ್ಮಪ್ರಾಂತ್ಯ ಆಯ್ತು, ಪಾದ್ರಿಗಳು ಇಟಲಿಯ ಮಿಲಾನ್ ಮಿಷನ್‌ದವರು. ಹಂಗಾಗಿ ಬೆಂಗಳೂರು, ಗೋವಾ ಬಿಡ್ರಿ, ಮೊದಲು ಹೈದರಾಬಾದ್ ಬಾಗಲ ಬಡೀರಿ, ಫಾದರ್ ಲೆಟರ್‌ಹೆಡ್‌ನಾಗೇ ಪತ್ರ ಹೋಗಲಿ. ಇಟಾಲಿಯನ್ ಓದೋರು ಒಬ್ರು ಬೇಕಾಗ್ತಾರ, ಅದು ನಿಮ್ಮ ಹಣೇಬರ.

ರಿಟೈರ್ಡ್_ಟೀಚರಮ್ಮ

ತಮ್ಮಾ, ನಿಮ್ಮ ಆಯಿ ಸುಳ್ಳು ಹೇಳಿಲ್ಲ. ನೀನು ತಪ್ಪು ಹೆಸರು ಹುಡಕಿದಿ.

ಹಳೇ ಜ್ಞಾನಸ್ನಾನದ ಪುಸ್ತಕ ಲ್ಯಾಟಿನ್‌ನಾಗ ಬರೀತಿದ್ರು. ಮನಿಯಾಗ ಕರಿಯೋ ಹೆಸರು ಒಂದು, ಪಾದ್ರಿ ಬರಿಯೋ ಹೆಸರು ಒಂದು. ರಾಯಪ್ಪ ಅಂದ್ರ ಸಂತ ಪೇತ್ರ, ಹಂಗಾಗಿ ಪುಸ್ತಕದಾಗ "ಪೇತ್ರುಸ್" ಅಂತ ನೋಡು. ಚಿನ್ನಪ್ಪ ಅಂದ್ರ ಪಾವ್ಲ, ಇನ್ನಾಸಪ್ಪ ಅಂದ್ರ ಇಗ್ನೇಷಿಯಸ್, ಶೌರಪ್ಪ ಅಂದ್ರ ಝೇವಿಯರ್, ಅರುಳಪ್ಪ ಅಂದ್ರ ಯೊವಾನ್ನ. ಇವೆಲ್ಲಾ ತಮಿಳು ಸೀಮಿಯಿಂದ ದಾಟಿ ಬಂದ ಹೆಸರು, ರೈಲ್ವೆ ಮಂದಿ ಜೋಡಿ ಇಲ್ಲಿ ತನಕ ಬಂದಾವ. ಪಾವುಲುಸ್ ಅಂದ್ರ ಲ್ಯಾಟಿನ್‌ನಾಗ ಸಣ್ಣಾಂವ ಅಂತ ಅರ್ಥ, ಅದಕ್ಕೇ ಚಿನ್ನಪ್ಪ. ಎಷ್ಟು ಚಂದ ಕೂಡಿಸ್ಯಾರ ನೋಡು. ಈಗಿನ ಹುಡುಗರು ಆ ಹೆಸರು ಅಂದ್ರ ನಾಚತಾರ, ಎಲ್ಲಾ ರೋಷನ್, ಪ್ರಿನ್ಸ್ ಆಗ್ಯಾರ.

ಸಾಲು ಹ್ಯಾಂಗ ಓದೋದು ಅಂದ್ರ, "ಫಿಲಿಯುಸ್" ಅಂದ್ರ ಮಗ, "ಫಿಲಿಯ" ಅಂದ್ರ ಮಗಳು, ಅದರ ಮುಂದ ತಂದಿ ತಾಯಿ ಹೆಸರು. "ಪಾತ್ರಿನಿ" ಅಂದ್ರ ಜ್ಞಾನತಂದೆ ಜ್ಞಾನತಾಯಿ, ಅದನ್ನ ಬಿಡಬ್ಯಾಡ, ಬರೇ ಪೇತ್ರುಸ್ ಅಂದ್ರ ಹತ್ತು ಮಂದಿ ಸಿಗ್ತಾರ, ಜ್ಞಾನತಂದೆ ಹೆಸರು ನೋಡಿದ್ರ ಯಾವ ಮನೆತನ ಅಂತ ತಿಳೀತದ, ಯಾಕಂದ್ರ ಆವಾಗೆಲ್ಲಾ ಬೀಗರೇ ನಿಲ್ತಿದ್ರು. ಇನ್ನೂ ಮುಖ್ಯ ಅಂದ್ರ ಅಂಚು. ಮುಂದ ಆ ಮನುಷ್ಯಾಗ ಮದುವಿ ಆದ್ರ, ಯಾವ ಊರಾಗ ಆದ್ರೂ, ಆ ಊರಿನ ಫಾದರ್ ಇಲ್ಲಿಗೆ ತಿಳಿಸಬೇಕು, ಇಲ್ಲಿಯವರು ಜ್ಞಾನಸ್ನಾನದ ಸಾಲಿನ ಬಾಜೂ ಅದನ್ನ ಬರೀಬೇಕು. ಹಿಂಗಾಗಿ ಒಂದೇ ಸಾಲಿನಾಗ ಒಬ್ಬನ ಹುಟ್ಟು, ಮದುವಿ ಎರಡೂ ಸಿಗ್ತಾವ. ಈ ಪುಸ್ತಕ ಇಡೋ ಪದ್ಧತಿ ಕ್ಯಾಥೊಲಿಕ್ ಬಿಷಪ್‌ರೆಲ್ಲಾ ಕೂಡಿದ ಟ್ರೆಂಟ್ ಮಹಾಸಭೆ 1563ರಾಗ ಮಾಡಿದ ಕಟ್ಟಳೆ, ನಮ್ಮ ಕಡಿ ಸರ್ಕಾರ ಜನನ ಮರಣ ಬರೀಲಿಕ್ಕೆ ಸುರು ಮಾಡೋದಕ್ಕ ಎಷ್ಟೋ ಮುಂಚೆ. ಇನ್ನೊಂದು, ವರ್ಷಕ್ಕೊಮ್ಮೆ ಪುಸ್ತಕದ ನಕಲು ಬಿಷಪ್ ಆಫೀಸಿಗೆ ಕಳಿಸಬೇಕು ಅಂತ 1917ರ ಚರ್ಚ್ ಕಾನೂನಿನಾಗ ಇತ್ತು. ನಿಮ್ಮಲ್ಲಿ ಗೆದ್ದಲ ತಿಂದಿದ್ರೂ ಅಲ್ಲಿ ಉಳದಿರಬಹುದು.

ಮೊದಲ ಪುಸ್ತಕದ ಮೊದಲ ಸಾಲಿನ ತಾರೀಖು ಬರಕೋ. ಆದ್ರ ಮೋಸ ಹೋಗಬ್ಯಾಡ, ಪುಸ್ತಕ ಸುರು ಆದದ್ದು ಅಂದ್ರ ಅಲ್ಲಿ ಫಾದರ್ ಖಾಯಂ ಉಳಿಲಿಕ್ಕೆ ಸುರು ಮಾಡಿದ್ದು. ಕಟ್ಟಡ ಅದಕ್ಕ ಮೊದಲೇ ಇದ್ದಿರಬಹುದು, ಇಲ್ಲಾ ಎಷ್ಟೋ ವರ್ಷ ಆದಮ್ಯಾಲ ಎದ್ದಿರಬಹುದು.

ಒಳಗ ಹೋಗಿ ಪೀಠ ನೋಡು. ಈಗ ಪೂಜಿ ಮಾಡೋ ಟೇಬಲ್ ಅಲ್ಲ, ಅದರ ಹಿಂದ ಗ್ವಾಡಿಗೆ ಹತ್ತಿ ಇನ್ನೊಂದು ಪೀಠ ಅದ ಏನು? ಇದ್ರ ಅದು ಎರಡನೇ ವ್ಯಾಟಿಕನ್ ಸಭೆಗಿಂತ, ಅಂದ್ರ 1962-65ಕ್ಕಿಂತ ಮೊದಲಿಂದು. ನಾವು ಸಣ್ಣವರಿದ್ದಾಗ ಫಾದರ್ ನಮಗ ಬೆನ್ನು ಹಾಕಿ ಗ್ವಾಡಿ ಕಡಿ ಮಾರಿ ಮಾಡಿ ಪೂಜಿ ಮಾಡ್ತಿದ್ರು. "ದೋಮಿನುಸ್ ವೋಬಿಸ್ಕುಮ್" ಅಂದ ಕೂಡಲೇ ನಾವೆಲ್ಲಾ "ಎತ್ ಕುಮ್ ಸ್ಪಿರಿತು ತುವೊ" ಅಂತ ಒದರೋದು, ಅರ್ಥ ಯಾರಪ್ಪಗೂ ಗೊತ್ತಿಲ್ಲ, ಜೋರಾಗಿ ಒದರಿದವರಿಗೆ ಪೆಪ್ಪರಮೆಂಟ್.

ಗಚ್ಚು_ಮೇಸ್ತ್ರಿ

ಟೀಚರಮ್ಮ ಕಾಗದದ್ದು ಹೇಳಿದ್ರು, ನಾ ಕಲ್ಲಿಂದು ಹೇಳ್ತೀನಿ. ಛತ್ತಿಗೆ ಕಂಬಿ ಅಂದ್ರೆಲ್ಲ, ಅದು ರೈಲ್ ಕಂಬಿ ಹೌದಲ್ಲೇನು? ನಮ್ಮ ಕಡಿ ಸ್ಟೇಷನ್ ಬಾಜೂ ಊರಾಗ ಹಳೇ ಮನಿಗೆಲ್ಲಾ ರೈಲ್ವೆದವರು ತಗದು ಹಾಕಿದ ಕಂಬಿನೇ ತೊಲಿ, ಅದರ ಮ್ಯಾಲ ಶಹಾಬಾದ್ ಫರ್ಸಿ, ಫರ್ಸಿ ಮ್ಯಾಲ ಗಚ್ಚು. ಹೌದು ಅಂದ್ರ ನಿಮ್ಮ ಶಿಲಾಫಲಕ ತಲಿಮ್ಯಾಲೇ ಅದ ಮಾಲಕ. ರೈಲ್ ಕಂಬಿ ಸೊಂಟದ ಮ್ಯಾಲ, ಮ್ಯಾಲಿನ ತಲಿಗೂ ಕೆಳಗಿನ ಪಾದಕ್ಕೂ ನಡುವ, ಮಾಡಿದ ಕಂಪನಿ ಹೆಸರು, ಇಸವಿ ಉಬ್ಬಿದ ಅಕ್ಷರದಾಗ ಇರ್ತದ, ಕಂಬಿ ಎಳಿಯುವಾಗಲೇ ಒತ್ತಿಬಿಡ್ತಾರ. ಆ ಕಾಲದ ಕಂಬಿ ಎಲ್ಲಾ ವಿಲಾಯತಿಯಿಂದ ಹಡಗಿನಾಗ ಬಂದದ್ದು. ನಿಚ್ಚಣಿಕಿ ಹಾಕಿ, ಬಣ್ಣ ಕೆರದು, ಬ್ಯಾಟರಿ ಅಡ್ಡ ಹಿಡದು ನೋಡ್ರಿ, ನೇರ ಹಿಡದ್ರ ಕಾಣಂಗಿಲ್ಲ. ಒಂದೇ ಕಂಬಿ ನೋಡಿ ಕೆಳಗ ಇಳೀಬ್ಯಾಡ್ರಿ, ಎಲ್ಲಾ ನೋಡ್ರಿ, ಅದರಾಗ ಎಲ್ಲಾಕ್ಕಿಂತ ಈಚಿನ ಇಸವಿ ಯಾವುದದ ಅದನ್ನ ಹಿಡೀರಿ. ಛತ್ತು ಅದಕ್ಕಿಂತ ಹಳೇದು ಇರ್ಲಿಕ್ಕೆ ಸಾಧ್ಯ ಇಲ್ಲ. ಎಷ್ಟು ಈಚಿಂದು ಅಂತ ಅದು ಹೇಳಂಗಿಲ್ಲ, ಯಾಕಂದ್ರ ಲೈನ್ ಮ್ಯಾಲ ಇಪ್ಪತ್ತು ಮೂವತ್ತು ವರ್ಷ ದುಡದ ಮ್ಯಾಲೇ ಕಂಬಿ ಗುಜರಿಗೆ ಬರ್ತದ.

ಗಂಟಿ ಇದ್ರ ಅದನ್ನೂ ನೋಡ್ರಿ, ಎರಕ ಹೊಯ್ದವರ ಹೆಸರು, ಇಸವಿ ಇರ್ತದ ಬಹುತೇಕ. ಬಿಳಿ ಹಾಳಿ ಹಚ್ಚಿ ಪೆನ್ಸಿಲ್ ತಿಕ್ಕಿದ್ರ ಮೂಡ್ತದ. ಗಂಟಿ ಬ್ಯಾರೆ ಚರ್ಚಿಂದ ತಂದದ್ದೂ ಇರಬಹುದು, ಅದನ್ನ ಗ್ಯಾನದಾಗ ಇಡ್ರಿ. ಸಮಾಧಿ ಕಲ್ಲೂ ಬಿಡಬ್ಯಾಡ್ರಿ.

ಇನ್ನ ಗ್ವಾಡಿ. ನೀರು ಸೋರ್ತದ, ಗ್ವಾಡಿ ಹಸಿ ಆಗ್ಯದ, ಅದಕ್ಕೇ ಕೆಡವಬೇಕು ಅಂತ ಅಂತಿರಬೇಕಲ್ಲ? ಒಂದು ಮಾತು ಕೇಳ್ತೀನಿ, ಖರೆ ಹೇಳ್ರಿ, ಹತ್ತು ಹದಿನೈದು ವರ್ಷದ ಹಿಂದ ಒಳಗ ಹೊರಗ ಸಿಮೆಂಟ್ ಪ್ಲಾಸ್ಟರ್ ಮಾಡಿಸ್ಯಾರ ಹೌದಿಲ್ಲ? ಅದೇ ರೋಗ. ಗಚ್ಚು ಅಂದ್ರ ಸುಣ್ಣ, ಅದು ಉಸರಾಡ್ತದ, ಕೆಳಗಿಂದ ಏರಿದ ತ್ಯಾವ ಹೊರಗ ಬಿಡ್ತದ. ಮ್ಯಾಲ ಸಿಮೆಂಟ್ ಬಳದ್ರ ತ್ಯಾವಕ್ಕ ದಾರಿ ಇಲ್ಲ, ಉಪ್ಪು ಕಟ್ತದ, ಕಲ್ಲಿನ ಮಾರಿ ಹಪ್ಪಳಾಗಿ ಉದರತದ. ಕಲಬುರಗಿ ಕೋಟಿಯೊಳಗಿನ ಜಾಮಿ ಮಸೀದಿ 1367ರದ್ದು, ಹಫ್ತ್ ಗುಂಬಜ್ ಒಳಗ ಗಚ್ಚಿನ ಕೆತ್ತನಿ ಅದ, ಅವುಕ್ಕ ಸಿಮೆಂಟ್ ಯಾರು ಹಾಕಿದ್ರು ಆವಾಗ? ನಮ್ಮಪ್ಪ ಗಚ್ಚು ಅರೀತಿದ್ದ, ಸುಣ್ಣ ನೆನೆ ಹಾಕಿ, ಗಾಣದಾಗ ಅರದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರಸಿ, ವಾರಗಟ್ಟಲೆ. ಈಗ ಅಷ್ಟು ತಾಳ್ಮಿ ಯಾರಿಗದ, ಎಲ್ಲರಿಗೂ ನಾಳಿಗೇ ಒಣಗಬೇಕು. ಸಿಮೆಂಟ್ ಕೆತ್ತಿ ತಗದು, ಛತ್ತಿನ ಮ್ಯಾಲಿನ ಗಚ್ಚು ಹೊಸಾದು ಬಡದ್ರ ನಿಮ್ಮ ಚರ್ಚ್ ಇನ್ನೊಂದು ಸಂತತಿ ನೋಡ್ತದ. ಎರಿ ಮಣ್ಣಿನ ಬಿರುಕು ಇದ್ರ ಅದು ಬ್ಯಾರೆ, ಅದನ್ನ ಕಣ್ಣಿಲೆ ನೋಡದೆ ಹೇಳಂಗಿಲ್ಲ.

ರೊಟ್ಟಿ_ಶೇಂಗಾಹಿಂಡಿ

ಎಲ್ಲರೂ ಚಂದ ಚಂದ ಮಾತಾಡ್ಲತ್ತೀರಿ, ಸಿಟ್ಟಾಗಬ್ಯಾಡ್ರಿ, ಆದ್ರ ಕಮಿಟಿಯವರದೂ ಒಂದು ಮಾತು ಕೇಳ್ರಿ. ನೂರಾ ಇಪ್ಪತ್ತು ಮಂದಿ ಹಿಡಿಯೋ ಚರ್ಚ್ ಅಂತ ಅವರೇ ಬರದಾರ. ಕ್ರಿಸ್ಮಸ್‌ಗೆ, ಈಸ್ಟರ್‌ಗೆ ಎಷ್ಟು ಮಂದಿ ಬರ್ತಾರ? ನಮ್ಮ ಚರ್ಚಿನಾಗ ವಯಸ್ಸಾದವರು ಶಾಮಿಯಾನದಾಗ ಕುಂತು ಟಿವಿ ಸ್ಕ್ರೀನ್ ನೋಡ್ಕೋತ ಪೂಜಿ ಕೇಳ್ತಾರ. ಹಳೇ ಕಲ್ಲು ನೋಡಿ ಖುಷಿ ಪಡೋರು ವರ್ಷಕ್ಕೊಮ್ಮೆ ಬರ್ತಾರ, ವಾರ ವಾರ ಬರೋರಿಗೆ ಜಾಗಾ ಬೇಕು.

ಮತ್ತ ಕಾನೂನು ಕೈ ಹಿಡೀತದ ಅಂತ ಆಶಾ ಇಟ್ಕೋಬ್ಯಾಡ್ರಿ. ನೂರು ವರ್ಷ ದಾಟಿದ ಕೂಡಲೇ ಸ್ಮಾರಕ ಆಗ್ತದ ಅಂತ ಮಂದಿ ತಿಳ್ಕೊಂಡಾರ, ಹಂಗಿಲ್ಲ. 1958ರ ಕೇಂದ್ರ ಕಾಯ್ದೆ ಆಗಲಿ 1961ರ ರಾಜ್ಯದ ಕಾಯ್ದೆ ಆಗಲಿ, ಸರ್ಕಾರ ಹೆಸರು ಹಿಡದು ಘೋಷಣಾ ಮಾಡಿದ್ರಷ್ಟೇ ರಕ್ಷಣೆ. ನಿಮ್ಮದು ಘೋಷಣಾ ಆಗಿಲ್ಲ ಅಂದ್ರ ಅದು ಧರ್ಮಪ್ರಾಂತ್ಯದ ಆಸ್ತಿ, ಕೊನೀ ಮಾತು ಬಿಷಪ್‌ರದು. ನಾನಾದ್ರ ಇಬ್ಬರ ನಡುವ ಒಂದು ದಾರಿ ಹುಡಕ್ತಿದ್ದೆ, ಪಾರ್ಕಿಂಗ್‌ಗೆ ಅಂತ ಬಿಟ್ಟ ಜಾಗಾದಾಗ ಹೊಸಾದು ಕಟ್ಟಿ, ಹಳೇದನ್ನ ವಾರದ ದಿನದ ಪೂಜಿಗೆ, ಜಪಸರಕ್ಕ ಇಟ್ಕೊಳ್ಳೋದು. ಬೈಕ್ ಹೊರಗ ನಿಂತ್ರ ಯಾರ ಗಂಟೇನು ಹೋಗ್ತದ.

ಸಗರನಾಡಿನಂವ

ಮೇಲಿನವರು ಹೇಳಿದ್ದು ಒಪ್ಪತೀನಿ, ಪಾರ್ಕಿಂಗ್ ಜಾಗಾದ ಮಾತು ಅಗದಿ ಬರೋಬರಿ. ಇಂಟ್ಯಾಕ್‌ದವರಿಗೂ (ಹಳೇ ಕಟ್ಟಡ ಉಳಸೋ ಸಂಸ್ಥೆ) ಒಂದು ಪತ್ರ ಹಾಕ್ರಿ, ಅವರಿಗೆ ತಡಿಯೋ ಅಧಿಕಾರ ಇಲ್ಲ, ಆದ್ರ ಗಚ್ಚಿನ ಕೆಲಸ ತಿಳದ ಇಂಜಿನಿಯರ್ ಯಾರು ಅಂತ ಅವರಿಗೆ ಗೊತ್ತಿರ್ತದ. "ದುರಸ್ತಿ ಖರ್ಚು ಇಷ್ಟು" ಅಂತ ಒಂದು ಎಸ್ಟಿಮೇಟ್ ಕೈಯಾಗ ಇದ್ರ ಕಮಿಟಿ ಕೇಳ್ತದ. ಇತಿಹಾಸಕ್ಕಿಂತ ಎಸ್ಟಿಮೇಟ್‌ಗೆ ಬೆಲಿ ಜಾಸ್ತಿ, ಏನ್ ಮಾಡೋದು.

ವಾಡಿ_ಪ್ಯಾಸೆಂಜರ್

ಎರಡು ವಾರ ಆದ ಮ್ಯಾಲ ಬರೀಲತ್ತೀನಿ, ತಪ್ಪು ತಿಳಕೋಬ್ಯಾಡ್ರಿ, ಡ್ಯೂಟಿ ಇತ್ತು.

ಟೀಚರಮ್ಮಾರಿಗೆ ದೊಡ್ಡ ನಮಸ್ಕಾರ. ಸಿಕ್ಕಾರ್ರಿ ಮುತ್ಯಾ! ಎರಡನೇ ಪುಸ್ತಕದಾಗ, ಪೇತ್ರುಸ್, ಫಿಲಿಯುಸ್ ಅಂತ ಆದ ಮ್ಯಾಲ ನಮ್ಮ ಮುತ್ಯಾನ ಅಪ್ಪ ಅವ್ವನ ಹೆಸರು, ಅಂಚಿನಾಗ ಸಣ್ಣ ಅಕ್ಷರದಾಗ ಮದುವಿದು, ಅದರಾಗ ಆಯಿ ಹೆಸರು ಸುದ್ದಾ. ಫಾದರ್ ಮತ್ತ ನಾನು ಇಬ್ಬರೂ ಭೂತಗನ್ನಡಿ ಹಿಡದು ಓದಿದ್ವಿ. ಫೋಟೋ ಹೊಡದು ಮನಿಗೆ ಒಯ್ದು ಆಯಿಗೆ ಓದಿ ಹೇಳಿದೆ. "ಪೇತ್ರುಸ್ ಯಾರ್ಲೇ ಅಂವ, ಐವತ್ತು ವರ್ಷ ಸಂಸಾರ ಮಾಡೀನಿ, ಒಮ್ಮಿನೂ ಕೇಳಿಲ್ಲ" ಅಂದಳು.

ಪೀಠ ಗ್ವಾಡಿಗೆ ಹತ್ತಿದ್ದೇ ಅದ, ಮುಂದ ಪರದೆ ಹಾಕಿದ್ರು, ಇಷ್ಟು ವರ್ಷ ನಾವ್ಯಾರೂ ಸರಿಸಿ ನೋಡಿಲ್ಲ. ಸಿಮೆಂಟ್ ಪ್ಲಾಸ್ಟರ್ ಬಗ್ಗೆ ಮೇಸ್ತ್ರಿ ಹೇಳಿದ್ದು ನೂರಕ್ಕ ನೂರು ಖರೆ, ಹನ್ನೆರಡು ವರ್ಷದ ಹಿಂದ ಮಾಡಿಸ್ಯಾರ, ಮಾಡಿಸಿದವರೇ ಈಗ ಕೆಡವ್ರಿ ಅನ್ನೋರು. ಹೈದರಾಬಾದ್‌ಗೆ ಫಾದರ್ ಪತ್ರ ಹಾಕ್ಯಾರ, ಉತ್ತರ ಬಂದಿಲ್ಲ ಇನ್ನೂ. ಪಾರ್ಕಿಂಗ್ ಜಾಗಾದ ಮಾತು ಕಮಿಟಿಯಾಗ ಇಟ್ಟೆ, ಇಬ್ಬರು ತಲಿ ಆಡಿಸಿದ್ರು, ಒಬ್ರು ಎದ್ದು ಹೋದ್ರು.

ಕಂಬಿ ರೈಲಿಂದೇ ಹೌದು. ಪೆಂಡಾಲ್ ಅಂಗಡಿಯಿಂದ ನಿಚ್ಚಣಿಕಿ ತಂದು ಹತ್ತಿದೆ. ಬಣ್ಣ ಆರೇಳು ಪದರ ಅದ್ರಿ, ಮ್ಯಾಲ ಕೆನೆ ಬಣ್ಣ, ಅದರ ಕೆಳಗ ನೀಲಿ, ಅದರ ಕೆಳಗ ಹಸರು, ಆಮ್ಯಾಲ ಕರೇ ಡಾಂಬರಿನಂಗ ಏನೋ. ಒಂದು ತಾಸು ಕೆರದ ಮ್ಯಾಲ ಬೆರಳಿಗೆ ಉಬ್ಬು ಹತ್ತಿತು. ಮೊದಲು ಒಂದು, ಆಮ್ಯಾಲ ಎಂಟು. ಅಷ್ಟ್ರಾಗ ಪೆಂಡಾಲ್‌ದಾಂವ ಬಂದು ಮದುವಿ ಆರ್ಡರ್ ಅದ ಅಂತ ನಿಚ್ಚಣಿಕಿ ಒಯ್ದುಬಿಟ್ಟ. ಐತವಾರ ಪೂಜಿ ಮುಗದ ಮ್ಯಾಲ ಮತ್ತ ಹತ್ತತೀನಿ, ಘಾಸಲೇಟ್ ಹಚ್ಚಿದ್ರ ಆ ಕರೇ ಬಣ್ಣ ಬಿಡ್ತದೇನ್ರಿ ಮೇಸ್ತ್ರಿ?